ಪಿಕಪ್ ಕಳೆದುಕೊಂಡ ಪೆಟ್ರೋಲ್ ಕಾರು: ಮನೆಯಂಗಳದಲ್ಲೇ ಮಾಡಬಹುದಾದ ಇಂಜಿನ್ ಆರೈಕೆ

ಎಂಟು-ಹತ್ತು ವರ್ಷ ಓಡಿದ ವ್ಯಾಗನ್‌ಆರ್, ಸ್ವಿಫ್ಟ್, ಐ10 ಥರದ ಪೆಟ್ರೋಲ್ ಕಾರು ಇಟ್ಟುಕೊಂಡವರ ದೂರು ಹೆಚ್ಚುಕಡಿಮೆ ಒಂದೇ ಇರುತ್ತದೆ. "ಮೊದಲಿನ ಹಾಗೆ ಎಳೆಯಲ್ಲ. ಎಸಿ ಹಾಕಿದ್ರೆ ಸಿಗ್ನಲ್‌ನಲ್ಲಿ ನಡುಗುತ್ತೆ. ಘಾಟಿಯಲ್ಲಿ ಸೆಕೆಂಡ್ ಗೇರ್ ಬಿಟ್ಟು ಮೇಲಕ್ಕೆ ಹೋಗೋಕಾಗಲ್ಲ." ಗ್ಯಾರೇಜಿಗೆ ಹೋದರೆ ಡೀಕಾರ್ಬನೈಸಿಂಗ್, ಇಂಜಿನ್ ಫ್ಲಶ್ ಎಂದು ಸಾವಿರಗಳ ಲೆಕ್ಕ ಬರುತ್ತದೆ. ಆದರೆ ಇಂಥ ಕಾರುಗಳಲ್ಲಿ ಇಂಜಿನ್ ನಿಜವಾಗಿ ಸವೆದಿರುವುದು ಅಪರೂಪ. ಗಾಳಿಯ ದಾರಿ ಕೊಳೆಯಾಗಿರುತ್ತದೆ, ಕಿಡಿ ಸೋತಿರುತ್ತದೆ, ಇಲ್ಲವೇ ದೋಷ ಇಂಜಿನ್ ಬಿಟ್ಟು ಬೇರೆಲ್ಲೋ ಇರುತ್ತದೆ. ಇವುಗಳಲ್ಲಿ ಬಹುಪಾಲನ್ನು ಒಂದೊಂದು ಭಾನುವಾರದ ಬೆಳಿಗ್ಗೆ ಒಂದೊಂದರಂತೆ ನೀವೇ ನೋಡಿಕೊಳ್ಳಬಹುದು.

ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಕೆಲಸ. ಫಿಲ್ಟರ್, ಪ್ಲಗ್, ಥ್ರಾಟಲ್ ಎಲ್ಲವನ್ನೂ ಒಂದೇ ದಿನ ಮುಟ್ಟಿದರೆ ಯಾವುದರಿಂದ ಸರಿಹೋಯಿತು ಎಂಬುದೂ ತಿಳಿಯದು, ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂಬುದೂ ತಿಳಿಯದು. ಹಾಗಾಗಿ ಪಾನಾ ಹಿಡಿಯುವ ಮೊದಲೇ ಒಂದು ಅಳತೆ ಇಟ್ಟುಕೊಳ್ಳಿ. ನಿಮಗೆ ಗೊತ್ತಿರುವ, ವಾಹನ ಕಡಿಮೆ ಇರುವ ಒಂದು ಏರುರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ರಿಂದ 60 ಕಿ.ಮೀ. ವೇಗಕ್ಕೆ ಏರಲು ಎಷ್ಟು ಸೆಕೆಂಡ್ ಬೇಕು ಎಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ನೋಡಲಿ. ಪ್ರತಿ ಕೆಲಸದ ನಂತರ ಅದೇ ರಸ್ತೆ, ಅಷ್ಟೇ ಜನ, ಎಸಿ ಆಫ್. "ಈಗ ಸ್ಮೂತ್ ಆಯ್ತಲ್ವಾ" ಎಂದು ಖರ್ಚು ಮಾಡಿದ ಮನಸ್ಸು ಯಾವಾಗಲೂ ಹೇಳುತ್ತದೆ, ಅದನ್ನು ನಂಬಬೇಡಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಟೈರ್ ಹವಾ ಬಿಟ್ಟು ಬೇರೇನೂ ಮುಟ್ಟದೆ ಸರ್ವಿಸ್ ಸೆಂಟರಿಗೇ ಕೊಡಿ.

ಮೊದಲು: ತಪ್ಪು ಇಂಜಿನ್‌ದೇನಾ?

ಟೈರ್ ಹವಾ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿರುವಷ್ಟೇ ಪಿಎಸ್‌ಐ ತುಂಬಿಸಿ. ಟೈರ್ ತಣ್ಣಗಿರುವಾಗ ನೋಡಬೇಕು, ಹತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋಗಿ ನೋಡಿದ ಅಂಕಿ ಸರಿಯಲ್ಲ.

ಬ್ರೇಕ್ ಹಿಡಿದುಕೊಂಡಿರುವುದು ಇನ್ನೊಂದು ಗುಪ್ತ ಕಳ್ಳ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರುಗಳಲ್ಲಿ ಹಿಂದಿನ ಡ್ರಮ್ ತುಕ್ಕು ಹಿಡಿದು ಪೂರ್ತಿ ಬಿಡುವುದಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಆದಷ್ಟು ಬ್ರೇಕ್ ತುಳಿಯದೆ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ರಿಮ್ಮಿನ ಹತ್ತಿರ ಕೈ ತನ್ನಿ (ಮುಟ್ಟಬೇಡಿ). ಜೋಡಿ ಚಕ್ರಕ್ಕಿಂತ ಒಂದು ಮಾತ್ರ ಬಿಸಿಯ ಝಳ ಹೊಡೆಯುತ್ತಿದ್ದರೆ ಬ್ರೇಕ್ ಕೆಲಸ ಮೊದಲು, ಇಂಜಿನ್ ಆಮೇಲೆ.

ಕ್ಲಚ್ ಪರೀಕ್ಷೆಯೂ ಸುಲಭ. ನಾಲ್ಕನೇ ಗೇರಿನಲ್ಲಿ 50ರ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಮೇಲಕ್ಕೆ ಜಿಗಿದು ವೇಗ ಅಲ್ಲೇ ಉಳಿದರೆ ಕ್ಲಚ್ ಜಾರುತ್ತಿದೆ. ಯಾವ ಪ್ಲಗ್ ಹಾಕಿದರೂ ಅದು ಸರಿಹೋಗದು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ, ಏಕೆಂದರೆ ಗಾಳಿ ತೆಳುವಾಗುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಬೆಂಗಳೂರಿಗೆ ಬಂದು ಮಂದವಾಯಿತು ಎನ್ನುವವರಿಗೆ ಅರ್ಧ ಉತ್ತರ ಇಲ್ಲೇ ಇದೆ. ಮೈಲೇಜ್ ವಿಷಯದಲ್ಲಿ ಇ20 (ಶೇಕಡಾ 20ರಷ್ಟು ಎಥನಾಲ್ ಬೆರೆಸಿದ) ಪೆಟ್ರೋಲನ್ನೂ ನೆನಪಿಡಿ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ. ಆದ್ದರಿಂದ ಕೆಲವು ಶೇಕಡಾ ಮೈಲೇಜ್ ಇಳಿದಿದ್ದರೆ ಅದನ್ನು ಪಾನಾ ಹಿಡಿದು ವಾಪಸ್ ತರಲಾಗದು.

ಕಾರು ಏನು ಹೇಳುತ್ತಿದೆ, ಓದಿ

2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಓಬಿಡಿ-2, ಅಂದರೆ ದೋಷವನ್ನು ಕಾರು ತಾನೇ ಪತ್ತೆಹಚ್ಚಿ ಬರೆದಿಡುವ ವ್ಯವಸ್ಥೆ ಇರುತ್ತದೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಮೇಲ್ಭಾಗದಲ್ಲಿ 16 ಪಿನ್ನಿನ ಸಾಕೆಟ್ ಹುಡುಕಿ. ಆನ್‌ಲೈನಿನಲ್ಲಿ ಸಿಗುವ ಸಾಧಾರಣ ಬ್ಲೂಟೂತ್ ಡಾಂಗಲ್ ಅಲ್ಲಿಗೆ ಚುಚ್ಚಿ, ಮೊಬೈಲಿನಲ್ಲಿ ಆಪ್ ಹಾಕಿಕೊಂಡರೆ ಇಂಜಿನ್ ಕಂಪ್ಯೂಟರ್ ಬರೆದಿಟ್ಟುಕೊಂಡ ಕೋಡುಗಳು ಕಾಣುತ್ತವೆ. ಮನೆಯಲ್ಲಿ ಕೆಲಸ ಮಾಡುವವರು ಕೊಳ್ಳಬೇಕಾದ ಮೊದಲ ಸಾಧನ ಇದೇ ಎನ್ನುತ್ತೇನೆ, ಪಾನಾ ಸೆಟ್ಟಿಗಿಂತಲೂ ಮೊದಲು.

ಪಿ0300 ಎಂದರೆ ಎಲ್ಲೆಂದರಲ್ಲಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು). ಪಿ0301, ಪಿ0302 ಎಂದರೆ ಒಂದನೇ, ಎರಡನೇ ಸಿಲಿಂಡರಿನ ಮಿಸ್‌ಫೈರ್. ಪಿ0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕೋಡ್ ಬಂದ ಕೂಡಲೇ ಅಳಿಸಬೇಡಿ, ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕೋಡ್ ತೋರಿಸುವುದು ಲಕ್ಷಣವನ್ನು, ಕೆಟ್ಟ ಬಿಡಿಭಾಗವನ್ನಲ್ಲ. ಪಿ0171 ಬಂತೆಂದು ಆಕ್ಸಿಜನ್ ಸೆನ್ಸರ್ ಬದಲಿಸಿ ಹಣ ಕಳೆದುಕೊಂಡವರು ಬಹಳ ಜನ.

ಇನ್ನೆರಡು ಅಂಕಿ ನೋಡಿ. ಇಂಜಿನ್ ಬಿಸಿಯಾದ ಮೇಲೆ ಕೂಲಂಟ್ ಉಷ್ಣತೆ 80 ಡಿಗ್ರಿ ದಾಟಿ ನಿಲ್ಲಬೇಕು. ಅರ್ಧ ಗಂಟೆ ಓಡಿಸಿದರೂ 60-65ರಲ್ಲೇ ಇದ್ದರೆ ಥರ್ಮೊಸ್ಟಾಟ್ (ಕೂಲಂಟ್ ರೇಡಿಯೇಟರಿಗೆ ಹೋಗುವುದನ್ನು ನಿಯಂತ್ರಿಸುವ ವಾಲ್ವ್) ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಇಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಎರಡನೆಯದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡಿಕೊಳ್ಳುತ್ತಿದೆ ಎಂಬ ಅಂಕಿ. ಇದು ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಚಿಂತೆಯಿಲ್ಲ. ಪ್ಲಸ್ 15, 20 ತೋರಿಸಿದರೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ ಅಥವಾ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ.

ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪ್ಲಗ್‌ನ ಖರ್ಚು ಹೋಗಿ ಹತ್ತಾರು ಸಾವಿರದ ಖರ್ಚಾಗುತ್ತದೆ.

ಬೇಕಾದ ಸಾಮಾನು

8, 10, 12 ಎಂಎಂ ಸಾಕೆಟ್, ಉದ್ದದ ಎಕ್ಸ್‌ಟೆನ್ಷನ್, ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್ (ನಮ್ಮ ಸಣ್ಣ ಕಾರುಗಳಿಗೆ ಬಹುತೇಕ 16 ಎಂಎಂ, ಕೆಲವು ಹೊಸ ಇಂಜಿನ್‌ಗಳಿಗೆ 14), ಸ್ಕ್ರೂಡ್ರೈವರ್, ಮಲ್ಟಿಮೀಟರ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ಥ್ರಾಟಲ್ ಬಾಡಿ ಕ್ಲೀನರ್ ಒಂದು ಕ್ಯಾನ್, ಬನಿಯನ್ ವೇಸ್ಟ್, ಟಾರ್ಚ್, ಕೈಗವಸು. 10 ಎಂಎಂ ಸಾಕೆಟ್ ಎರಡು ತನ್ನಿ, ಒಂದು ಬಾನೆಟ್ ಒಳಗೆ ಬಿದ್ದು ಮಾಯವಾಗುವುದು ಖಚಿತ. ಏನನ್ನೇ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಇಂಜಿನ್ ತಣ್ಣಗಿರಬೇಕು. ಹತ್ತಿರ ಬೀಡಿ-ಸಿಗರೇಟು, ದೀಪ ಏನೂ ಬೇಡ.

ಗಾಳಿಯ ದಾರಿ: ಏರ್ ಫಿಲ್ಟರ್

ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆದು ಮುಚ್ಚಳ ಎತ್ತಿ. ಫಿಲ್ಟರಿನ ಹಿಂದೆ ಟಾರ್ಚ್ ಹಿಡಿದಾಗ ಮಡಿಕೆಗಳ ನಡುವೆ ಬೆಳಕು ಹಾಯಬೇಕು. ಕೆಮ್ಮಣ್ಣಿನ ರಸ್ತೆಯಲ್ಲಿ ಓಡುವ ಕಾರಿನ ಫಿಲ್ಟರ್ ಮ್ಯಾನುವಲ್ಲಿನಲ್ಲಿ ಹೇಳಿದ ಅರ್ಧ ದೂರಕ್ಕೇ ಕಟ್ಟಿಕೊಳ್ಳುತ್ತದೆ. ತೋಟದ ಮನೆಗಳಲ್ಲಿ ನಿಲ್ಲಿಸುವ ಕಾರುಗಳ ಡಬ್ಬಿಯಲ್ಲಿ ಇನ್ನೊಂದು ದೃಶ್ಯವೂ ಸಿಗುತ್ತದೆ: ಇಲಿ ತಂದು ಜೋಡಿಸಿದ ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ, ಅಂಚು ಕಡಿದು ತೂತಾದ ಫಿಲ್ಟರ್. ತೂತಾದ ಫಿಲ್ಟರ್ ಕಟ್ಟಿಕೊಂಡದ್ದಕ್ಕಿಂತ ಕೆಟ್ಟದ್ದು, ದೂಳು ನೇರ ಸಿಲಿಂಡರಿಗೆ ಹೋಗಿ ಉಜ್ಜುತ್ತದೆ. ಇಲಿ ಬಂದ ಗುರುತು ಕಂಡರೆ ಪಕ್ಕದ ವೈರುಗಳನ್ನೂ ಬೆರಳಾಡಿಸಿ ನೋಡಿ.

ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಏರ್ ಗನ್ ಹಿಡಿಯುವುದಾದರೆ ಒಳಗಿನಿಂದ ಹೊರಕ್ಕೆ, ಒಂದಡಿ ದೂರದಿಂದ. ಡಬ್ಬಿಯ ತಳದ ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಚಿನ ರಬ್ಬರ್ ಸುತ್ತಲೂ ಸರಿಯಾಗಿ ಕೂತಿದೆಯೇ ನೋಡಿ ಮುಚ್ಚಿ. ಹೊಸ ಫಿಲ್ಟರಿನಿಂದ ಹೆಚ್ಚು ಆರ್‌ಪಿಎಂನಲ್ಲಿ ಎಳೆತ ಸುಧಾರಿಸುತ್ತದೆ. ಮೈಲೇಜ್ ಮಾತ್ರ ಅಷ್ಟೇನೂ ಬದಲಾಗದು, ಇಂಜೆಕ್ಷನ್ ಇಂಜಿನ್ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹಾಕುತ್ತದೆ. ಕಾರ್ಬ್ಯುರೇಟರ್ ಕಾಲದ ಮಾತು ಇನ್ನೂ ಬಾಯಲ್ಲಿ ಉಳಿದಿದೆ.

ಥ್ರಾಟಲ್ ಬಾಡಿ: ನಡುಕದ ಮೂಲ

ಸಿಗ್ನಲ್‌ನಲ್ಲಿ ನಡುಗುವ, ಎಸಿ ಹಾಕಿದರೆ ಆಫ್ ಆಗುವ, ಆರ್‌ಪಿಎಂ ಮುಳ್ಳು ತೂಗಾಡುವ ಕಾರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಇಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ನಿಯಂತ್ರಿಸುವ, ಒಳಗೆ ತಿರುಗುವ ತಟ್ಟೆ ಇರುವ ಭಾಗ ಇದು. ಇಂಜಿನ್ ಒಳಗಿನ ಆಯಿಲ್ ಆವಿ ಇನ್‌ಟೇಕ್ ದಾರಿಗೆ ಮರಳಿ ಬರುತ್ತದೆ, ಅದು ಬಟರ್‌ಫ್ಲೈ ತಟ್ಟೆಯ ಅಂಚಿನಲ್ಲಿ ಕಪ್ಪು ಮೇಣದ ಹಾಗೆ ಕೂರುತ್ತದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಉಸಿರಾಡುವುದು ಆ ತಟ್ಟೆಯ ಅಂಚಿನ ಕೂದಲೆಳೆಯಷ್ಟು ಸಂದಿಯಲ್ಲೇ, ಸಂದಿ ಕಟ್ಟಿದರೆ ತಾಳ ತಪ್ಪುತ್ತದೆ.

ಕೀ ತೆಗೆದು ದೂರ ಇಡಿ. ಫಿಲ್ಟರ್ ಡಬ್ಬಿಯಿಂದ ಬರುವ ದಪ್ಪ ರಬ್ಬರ್ ಪೈಪಿನ ಕ್ಲಾಂಪ್ ಸಡಿಲಿಸಿ, ಪೈಪನ್ನು ತಿರುಗಿಸುತ್ತಾ ಮೆಲ್ಲಗೆ ಎಳೆಯಿರಿ. ಅದಕ್ಕೆ ಸೇರಿದ ಸಣ್ಣ ಹೋಸ್ ಇದ್ದರೆ ಅದನ್ನೂ ಬಿಡಿಸಿ. ಎದುರಿಗೆ ಹಿತ್ತಾಳೆ ಬಣ್ಣದ ಅಥವಾ ಬೂದು ತಟ್ಟೆ ಕಾಣುತ್ತದೆ, ಅದರ ಸುತ್ತ ಕಪ್ಪು ಉಂಗುರ. ಕ್ಲೀನರನ್ನು ಬಟ್ಟೆಗೆ ಸ್ಪ್ರೇ ಮಾಡಿ, ಥ್ರಾಟಲ್ ಒಳಕ್ಕೆ ನೇರವಾಗಿ ಸುರಿಯಬೇಡಿ. ಸುರಿದರೆ ಅದು ಪಕ್ಕದ ಮೋಟಾರು, ಸೆನ್ಸರುಗಳಿಗೆ ಇಳಿಯುತ್ತದೆ. ಬಟ್ಟೆಯಲ್ಲಿ ತಟ್ಟೆಯ ಮುಖ, ಅಂಚು, ಸುತ್ತಲಿನ ಗೋಡೆ ಒರೆಸಿ. ಕಪ್ಪು ಬರುವುದು ನಿಂತಾಗ ನಿಲ್ಲಿಸಿ. ಎಮರಿ ಪೇಪರ್, ಪಾತ್ರೆ ಉಜ್ಜುವ ಸ್ಕ್ರಬ್ಬರ್ ಬೇಡವೇ ಬೇಡ, ಕೆಲವು ಥ್ರಾಟಲ್‌ಗಳಲ್ಲಿ ತೆಳು ಲೇಪನವೇ ಇರುತ್ತದೆ.

ಆಕ್ಸಿಲರೇಟರ್ ಕೇಬಲ್ ಇರುವ ಹಳೆಯ ಕಾರಿನಲ್ಲಿ ಕೇಬಲ್ ಎಳೆದು ತಟ್ಟೆ ತೆರೆದು ಹಿಂಬದಿಯನ್ನೂ ಒರೆಸಬಹುದು. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬೆರಳಿನಿಂದ ಒತ್ತಿ ತೆರೆಯಬೇಡಿ, ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿಯಬಹುದು. ಇಗ್ನಿಷನ್ ಆನ್ ಇರುವಾಗಲಂತೂ ಬೆರಳು ಒಳಗೆ ಹೋಗಲೇಬಾರದು, ಮೋಟಾರು ತಟ್ಟೆಯನ್ನು ಜೋರಾಗಿ ಮುಚ್ಚುತ್ತದೆ. ಕಂಡಷ್ಟು ಭಾಗ ಒರೆಸಿದರೂ ಬಹುತೇಕ ಸಾಕಾಗುತ್ತದೆ.

ಪೈಪ್ ಜೋಡಿಸಿ, ಹತ್ತು ನಿಮಿಷ ಆರಲು ಬಿಟ್ಟು ಸ್ಟಾರ್ಟ್ ಮಾಡಿ. ಮೊದಲಿಗೆ ಎರಡು ಸಲ ಕೀ ತಿರುಗಿಸಬೇಕಾದೀತು, ಸ್ವಲ್ಪ ಹೊಗೆ ಬಂದೀತು, ಆರ್‌ಪಿಎಂ ಮೇಲಿದ್ದೀತು. ಕಪ್ಪು ಕಟ್ಟಿದ್ದಾಗ ತಟ್ಟೆಯನ್ನು ಎಷ್ಟು ತೆರೆಯಬೇಕೆಂದು ಕಂಪ್ಯೂಟರ್ ಕಲಿತಿತ್ತು, ಈಗ ಅದು ಹೊಸದಾಗಿ ಕಲಿಯಬೇಕು. ಎಸಿ ಇಲ್ಲದೆ ಹತ್ತು ನಿಮಿಷ, ಎಸಿ ಹಾಕಿ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಆಮೇಲೆ ಒಂದು ಸುತ್ತು ಓಡಿಸಿ. ಒಂದೆರಡು ದಿನ ಕಳೆದರೂ ಆರ್‌ಪಿಎಂ ಇಳಿಯದಿದ್ದರೆ ಗ್ಯಾರೇಜಿನ ಸ್ಕ್ಯಾನರಿನಲ್ಲಿ ಥ್ರಾಟಲ್ ರೀಲರ್ನ್ ಮಾಡಿಸಬೇಕು. ಐದು ನಿಮಿಷದ ಕೆಲಸ ಅದು.

ಕಳ್ಳಗಾಳಿ

ಥ್ರಾಟಲ್ ದಾಟಿದ ಮೇಲೆ ಎಲ್ಲಿ ಗಾಳಿ ನುಸುಳಿದರೂ ಲೆಕ್ಕ ತಪ್ಪುತ್ತದೆ. ಇಂಜಿನ್ ಚಾಲೂ ಇಟ್ಟು ಕಿವಿಗೊಡಿ, "ಸುಯ್" ಎಂಬ ಸದ್ದು ಬರುತ್ತಿದೆಯೇ? ಬ್ರೇಕ್ ಬೂಸ್ಟರಿಗೆ ಹೋಗುವ ಹೋಸ್, ಪಿಸಿವಿ ವಾಲ್ವಿನ (ಇಂಜಿನ್ ಒಳಗಿನ ಆಯಿಲ್ ಆವಿಯನ್ನು ಇನ್‌ಟೇಕಿಗೆ ಬಿಡುವ ವಾಲ್ವ್) ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡಿನ ಜೋಡಣೆ ಇವು ಮುಖ್ಯ ಜಾಗಗಳು. ಅಲ್ಲಿಗೆ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ತೆಳುವಾಗಿ ನೀರಿನ ತುಂತುರು ಹಾಕಿ. ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ), ವೈರಿನ ಮೇಲೆ ಬೀಳದಿರಲಿ. ಐಡ್ಲಿಂಗ್ ಸದ್ದು ಬದಲಾದ ಜಾಗದಲ್ಲೇ ಸೀಳು ಇದೆ. ಯೂಟ್ಯೂಬಿನಲ್ಲಿ ತೋರಿಸುವ ಹಾಗೆ ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಹುಡುಕಬೇಡಿ, ಬೆಂಕಿ ಹತ್ತೀತು.

ಪಿಸಿವಿ ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಟಕ್ ಟಕ್ ಎಂದರೆ ಒಳ್ಳೆಯದು. ಸದ್ದೇ ಇಲ್ಲದಿದ್ದರೆ ಅಂಟಿಕೊಂಡಿದೆ, ಬದಲಿಸಿ. ಅಗ್ಗದ ಭಾಗ.

ಕಿಡಿ: ಸ್ಪಾರ್ಕ್ ಪ್ಲಗ್

ಸಾಮಾನ್ಯ ನಿಕ್ಕಲ್ ಪ್ಲಗ್ 30-40 ಸಾವಿರ ಕಿ.ಮೀ. ಬಾಳುತ್ತದೆ, ಇರಿಡಿಯಂ ಲಕ್ಷದ ಆಸುಪಾಸು. ಸಿಎನ್‌ಜಿ ಹಾಕಿಸಿದ ಕಾರಿನಲ್ಲಿ ಇದಕ್ಕಿಂತ ಬೇಗ ಹೋಗುತ್ತದೆ. ಮ್ಯಾನುವಲ್ಲಿನಲ್ಲಿ ಬರೆದ ನಂಬರಿನ ಪ್ಲಗ್ಗನ್ನೇ ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ, ನಕಲಿ ಮಾಲು ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. "ರೇಸಿಂಗ್ ಪ್ಲಗ್" ಹಾಕಿದರೆ ಪಿಕಪ್ ಹೆಚ್ಚುತ್ತದೆ ಎಂಬುದು ಅಂಗಡಿಯವರ ಮಾತು.

1. ಮೊದಲು ಪ್ಲಗ್ ಗುಂಡಿಯ ಸುತ್ತಲಿನ ಮಣ್ಣನ್ನು ಏರ್ ಗನ್ ಅಥವಾ ಬ್ರಷ್ಷಿನಿಂದ ತೆಗೆಯಿರಿ. ಪ್ಲಗ್ ಬಿಚ್ಚಿದ ಮೇಲೆ ಬಿದ್ದ ಒಂದು ಹರಳು ಮರಳು ನೇರ ಪಿಸ್ಟನ್ ಮೇಲೆ ಕೂರುತ್ತದೆ.
2. ಕಾಯಿಲಿನ ಕನೆಕ್ಟರ್ ಬಿಡಿಸಿ. ಲಾಕ್ ಒತ್ತಿ ಎಳೆಯಬೇಕು, ವೈರ್ ಹಿಡಿದು ಎಳೆಯಬಾರದು. ಕಾಯಿಲಿನ ಬೋಲ್ಟ್ ತೆಗೆದು ತಿರುಗಿಸುತ್ತಾ ಮೇಲಕ್ಕೆತ್ತಿ. ಒಂದು ಸಿಲಿಂಡರ್ ಮುಗಿಸಿಯೇ ಇನ್ನೊಂದಕ್ಕೆ ಹೋಗಿ.
3. ಪ್ಲಗ್ ಬಿಚ್ಚಿ, ಯಾವ ಸಿಲಿಂಡರಿನದು ಎಂದು ಗುರುತು ಹಾಕಿ ಸಾಲಾಗಿ ಇಡಿ.
4. ಹೊಸ ಪ್ಲಗ್ಗಿನ ಗ್ಯಾಪ್ ಫೀಲರ್ ಗೇಜಿನಲ್ಲಿ ನೋಡಿ. ಸರಿಯಾದ ಅಳತೆ ಮ್ಯಾನುವಲ್ಲಿನಲ್ಲಿರುತ್ತದೆ. ಇರಿಡಿಯಂ ಪ್ಲಗ್ಗಿನ ಸಣ್ಣ ತುದಿಗೆ ಗೇಜ್ ತುರುಕಿ ಮೀಟಬೇಡಿ, ಮುರಿಯುತ್ತದೆ.
5. ರಾಚೆಟ್ ಇಲ್ಲದೆ, ಎಕ್ಸ್‌ಟೆನ್ಷನ್ನನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ. ಮೊದಲ ಸುತ್ತಿನಲ್ಲೇ ಬಿಗಿ ಅನಿಸಿದರೆ ಮರೆ (ಥ್ರೆಡ್) ಅಡ್ಡ ಹೋಗುತ್ತಿದೆ, ವಾಪಸ್ ತೆಗೆದು ಮತ್ತೆ ಹಾಕಿ.
6. ತಳ ಮುಟ್ಟಿದ ಮೇಲೆ, ವಾಷರ್ ಇರುವ ಹೊಸ ಪ್ಲಗ್ ಆದರೆ ಅರ್ಧದಿಂದ ಮುಕ್ಕಾಲಿಗಿಂತ ತುಸು ಕಡಿಮೆ ಸುತ್ತು. ವಾಷರ್ ಇಲ್ಲದ ಶಂಕುವಿನಾಕಾರದ ಸೀಟಿನ ಪ್ಲಗ್‌ಗೆ ಹದಿನಾರನೇ ಒಂದು ಸುತ್ತು ಸಾಕು. ಟಾರ್ಕ್ ರೆಂಚ್ ಇದ್ದರೆ ಮ್ಯಾನುವಲ್ಲಿನ ಅಂಕಿ ನೋಡಿ ಬಿಗಿ ಮಾಡಿ. ಹೆಡ್ ಅಲ್ಯೂಮಿನಿಯಂ, ತೋಳ್ಬಲ ತೋರಿಸಿದರೆ ಮರೆ ಕಿತ್ತುಬರುತ್ತದೆ.

ಈಗ ಹಳೆಯ ಪ್ಲಗ್‌ಗಳನ್ನು ಬಿಸಿಲಿಗೆ ಹಿಡಿದು ನೋಡಿ. ತುದಿಯ ಪಿಂಗಾಣಿ ತಿಳಿ ಕಂದು ಅಥವಾ ಬೂದು ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಅಥವಾ ಕಾರು ಬರೀ ಎರಡು ಕಿಲೋಮೀಟರಿನ ತರಕಾರಿ ಅಂಗಡಿ ಓಡಾಟಕ್ಕಷ್ಟೇ ಬಳಕೆಯಾಗುತ್ತಿದೆ. ಒದ್ದೆಯಾದ, ಆಯಿಲ್ ವಾಸನೆಯ ಕಪ್ಪು ಆದರೆ ಪಿಸ್ಟನ್ನಿನ ಉಂಗುರ ಅಥವಾ ವಾಲ್ವ್ ಸೀಲ್ ಮೂಲಕ ಆಯಿಲ್ ಸೋರುತ್ತಿದೆ. ಬಿಳಿ ಸುಣ್ಣದಂತೆ, ಗುಳ್ಳೆ ಎದ್ದ ಹಾಗೆ ಇದ್ದರೆ ಅತಿಯಾದ ಬಿಸಿ. ನಾಲ್ಕರಲ್ಲಿ ಮೂರು ಕಂದು, ಒಂದು ಮಾತ್ರ ಬೇರೆ ಇದ್ದರೆ ರೋಗ ಆ ಸಿಲಿಂಡರಿನಲ್ಲೇ ಇದೆ.

ಹೊಸ ಪ್ಲಗ್ ಹಾಕಿದರೂ ಪಿ0302 ಮತ್ತೆ ಬಂತು ಎನ್ನಿ. ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ ಸ್ವಲ್ಪ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಹೋಗಿದೆ. ಪಿ0302 ಆಗಿಯೇ ಉಳಿದರೆ ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಡೆ ನೋಡಬೇಕು. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ಎಲ್ಲ ಕಾಯಿಲ್ ಬದಲಿಸುವ ಖರ್ಚನ್ನು ತಪ್ಪಿಸುತ್ತದೆ.

ಬ್ಯಾಟರಿ, ಅರ್ತಿಂಗ್

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಇಂಜಿನ್ ಚಾಲೂ ಇರುವಾಗ ಸಾಮಾನ್ಯವಾಗಿ 13.8ರಿಂದ 14.5. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲಿನ್ ಹಚ್ಚಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತಿಂಗ್ ಪಟ್ಟಿಯನ್ನೂ ನೋಡಿ, ಕರಾವಳಿಯ ಉಪ್ಪುಗಾಳಿಯಲ್ಲಿ ಅದು ಬೇಗ ತಿಂದುಹೋಗುತ್ತದೆ.

ಪೆಟ್ರೋಲ್, ಆಯಿಲ್

ಟ್ಯಾಂಕಿಗೆ ಹಾಕುವ ಇಂಜೆಕ್ಟರ್ ಕ್ಲೀನರ್‌ಗಳಲ್ಲಿ ಪಾಲಿಈಥರ್ ಅಮೈನ್ ಇರುವುದನ್ನೇ ನೋಡಿ ಕೊಳ್ಳಿ, ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಹಾಕಿ ಆ ಟ್ಯಾಂಕನ್ನು ಹೆದ್ದಾರಿಯಲ್ಲಿ ಖಾಲಿ ಮಾಡಿ. ಇಂಜೆಕ್ಟರಿನಲ್ಲಿ ಕೊಳೆ ಇದ್ದರೆ ವ್ಯತ್ಯಾಸ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ನೇರ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಹೊಸ ಟರ್ಬೊ ಇಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವಿನ ಮಸಿಗೆ ಇದು ತಾಗುವುದೇ ಇಲ್ಲ. ಟ್ಯಾಂಕಿಗೆ ಕರ್ಪೂರ, ನ್ಯಾಫ್ತಲಿನ್ ಗುಳಿಗೆ, ಸೀಮೆಎಣ್ಣೆ ಹಾಕುವ ಹಳೆಯ ಪ್ರಯೋಗಗಳನ್ನು ಬಿಟ್ಟುಬಿಡಿ.

ಆಯಿಲ್ ಡಿಪ್‌ಸ್ಟಿಕ್ಕಿನ ಎರಡು ಗುರುತಿನ ನಡುವೆ ಇರಲಿ. ಹೆಚ್ಚು ಹಾಕಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಮ್ಯಾನುವಲ್ಲಿನಲ್ಲಿ 0ಡಬ್ಲ್ಯು-20 ಎಂದಿರುವ ಕಾರಿಗೆ "ದಪ್ಪ ಆಯಿಲ್ ಒಳ್ಳೇದು" ಎಂದು 20ಡಬ್ಲ್ಯು-50 ಸುರಿದರೆ ಬೆಳಗಿನ ಸ್ಟಾರ್ಟ್, ಮೈಲೇಜ್ ಎರಡೂ ಹೋಗುತ್ತವೆ.

ಗ್ಯಾರೇಜಿಗೆ ಹೋಗಲೇಬೇಕಾದದ್ದು

ಸೈಲೆನ್ಸರಿನಲ್ಲಿ ನೀಲಿ ಹೊಗೆ, ಕೂಲಂಟ್ ಕಡಿಮೆಯಾಗುತ್ತಾ ಸಿಹಿ ವಾಸನೆಯ ಬಿಳಿ ಹೊಗೆ, ಇಂಜಿನ್ ಒಳಗಿನ ಲೋಹದ ಬಡಿತ — ಇವು ಮನೆಯ ಕೆಲಸಗಳಲ್ಲ. ಮೂರು ಸಾವಿರ ಆರ್‌ಪಿಎಂವರೆಗೆ ಸರಿಯಾಗಿದ್ದು ಆಮೇಲೆ ಗಂಟಲು ಹಿಡಿದಂತಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು, ಅಥವಾ ಪೆಟ್ರೋಲ್ ಪಂಪಿನ ಒತ್ತಡ ಸಾಲುತ್ತಿಲ್ಲ. ಈಗಿನ ಬಹುಪಾಲು ಕಾರುಗಳಲ್ಲಿ ಪಂಪ್, ಫಿಲ್ಟರ್ ಎರಡೂ ಟ್ಯಾಂಕಿನೊಳಗೇ ಇವೆ, ಅದನ್ನು ಮನೆಯಲ್ಲಿ ಬಿಚ್ಚುವುದು ಅಪಾಯ.

ಅಲ್ಲಿಗೆ ಹೋದಾಗ "ಪಿಕಪ್ ಇಲ್ಲ, ನೋಡಿ" ಎನ್ನಬೇಡಿ, ಆ ಮಾತಿಗೆ ಸಿಗುವುದು ಜನರಲ್ ಸರ್ವಿಸ್ಸಿನ ಬಿಲ್ಲು. ಕಂಪ್ರೆಷನ್ ಅಳೆಯಿರಿ, ಫ್ಯುಯೆಲ್ ಪ್ರೆಷರ್ ನೋಡಿ, ಅಂಕಿ ಬರೆದುಕೊಡಿ ಎಂದು ಕೇಳಿ. ಕೋಡುಗಳ ಸ್ಕ್ರೀನ್‌ಶಾಟ್, ಫ್ಯುಯೆಲ್ ಟ್ರಿಮ್ಮಿನ ಅಂಕಿ, ಏನೇನು ಬದಲಿಸಿದಿರಿ ಎಂಬ ಚೀಟಿ, ಗುರುತು ಹಾಕಿದ ಹಳೆಯ ಪ್ಲಗ್‌ಗಳು ಇಷ್ಟನ್ನು ಮೆಕ್ಯಾನಿಕ್ ಕೈಗೆ ಕೊಡಿ. ಕೆಲಸ ಗೊತ್ತಿರುವವರು ಮೊದಲು ಆ ಪ್ಲಗ್‌ಗಳನ್ನೇ ಕೈಗೆತ್ತಿಕೊಳ್ಳುತ್ತಾರೆ.